ತೋಟಕ್ಕೂ ಸೌದೆಗೂ ಚೈನ್‌ಸಾ: ‘ಸಿಸಿ’ ನೋಡಿ ಕೊಂಡರೆ ಸಾಕೇ?

ಅರಸೀಕೆರೆ ಕಡೆಯ ತೆಂಗಿನ ತೋಟವೊಂದರಲ್ಲಿ ಸುಳಿ ಒಣಗಿದ ನಾಲ್ಕು ಮರಗಳು ನಿಂತಿವೆ. ಹಳೇಬೀಡಿನ ಹೊಲದ ಬದುವಿನಲ್ಲಿ ಜಾಲಿ ಬೆಳೆದು ಟ್ರ್ಯಾಕ್ಟರ್ ತಿರುಗಿಸಲು ಜಾಗವಿಲ್ಲ. ಬೇಲೂರಿನಾಚೆಯ ಕಾಫಿ ತೋಟದಲ್ಲಿ ಮಳೆ ಹಿಡಿಯುವ ಮೊದಲು ಮರಗಸಿ ಮುಗಿಯಬೇಕು, ಆದರೆ ಆಳು ಸಿಗುತ್ತಿಲ್ಲ. ಮೂರು ಕಡೆಯವರೂ ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ‘ಒಂದು ಮರ ಕೊಯ್ಯೋ ಮೆಷಿನ್ ತಗೊಂಡುಬಿಡೋಣ, ಯಾವುದು ಒಳ್ಳೇದು?’

ಈ ಪ್ರಶ್ನೆಗೆ ಅಂಗಡಿಯಲ್ಲೂ ಮೊಬೈಲಿನ ಜಾಹೀರಾತುಗಳಲ್ಲೂ ಸಿಗುವ ಉತ್ತರ ಸಾಮಾನ್ಯವಾಗಿ ಎರಡು ಸಂಖ್ಯೆಗಳದ್ದು: 58 ಸಿಸಿ, 22 ಇಂಚು. ಸಂಖ್ಯೆ ದೊಡ್ಡದಾದಷ್ಟೂ ಯಂತ್ರ ಗಟ್ಟಿ ಎಂಬ ನಂಬಿಕೆ ನಮ್ಮಲ್ಲಿ ಚೆನ್ನಾಗಿ ಬೇರೂರಿದೆ. ಆದರೆ ಕೊಂಡ ಎರಡೇ ವರ್ಷಕ್ಕೆ ಕೊಟ್ಟಿಗೆಯ ಮೂಲೆ ಸೇರಿದ ಚೈನ್‌ಸಾಗಳನ್ನು ಬಿಚ್ಚಿ ನೋಡಿದರೆ, ‘ಸಿಸಿ ಸಾಲದೆ’ ಕೆಟ್ಟದ್ದು ಬಹಳ ಅಪರೂಪ. ಮೊಂಡಾದ ಚೈನು, ಹಳಸಿದ ಪೆಟ್ರೋಲು, ಸಿಗದ ಬಿಡಿಭಾಗ, ಈ ಮೂರರಲ್ಲಿ ಒಂದು ಕಾರಣವಾಗಿರುತ್ತದೆ. ಹಾಗಾಗಿ ಯಂತ್ರದ ಬೆಲೆ ಕೇಳುವುದಕ್ಕೆ ಮುಂಚೆ ನಾವು ಕೊಯ್ಯಬೇಕಾದ ಮರದಿಂದ ಶುರು ಮಾಡೋಣ.

ಯಾವ ಮರ, ಎಷ್ಟು ದಪ್ಪ?

ತೆಂಗಿನ ಮರ ನೋಡಲು ಸುಲಭದ ತುತ್ತು. ಕೊಯ್ಯಲು ಹೋದವರಿಗೆ ಗೊತ್ತು, ಅದರಷ್ಟು ಬೇಗ ಚೈನಿನ ಹಲ್ಲು ತಿನ್ನುವ ಮರ ನಮ್ಮ ಕಡೆ ಕಡಿಮೆ. ಇದಕ್ಕೆ ಕಾರಣ ಕಾಂಡದ ರಚನೆ. ತೆಂಗು ಹುಲ್ಲು, ಬಿದಿರುಗಳಂತೆ ಏಕದಳ ಸಸ್ಯ. ಮಾವು, ಬೇವುಗಳಲ್ಲಿರುವಂತೆ ವರ್ಷಕ್ಕೊಂದು ಉಂಗುರ ಬೆಳೆದು ನಡುವೆ ಗಟ್ಟಿ ಚೇಗು ಆಗುವುದಿಲ್ಲ. ಇಲ್ಲಿ ಎಲ್ಲ ತಿರುಗುಮುರುಗು: ಹೊರಸುತ್ತಿನಲ್ಲಿ ಗಟ್ಟಿ ನಾರಿನ ಕಟ್ಟುಗಳು ಒತ್ತೊತ್ತಾಗಿರುತ್ತವೆ, ಒಳಗೆ ಹೋದಂತೆ ಮೆತ್ತಗಾಗುತ್ತದೆ. ಬಲಿತ ಮರದ ಹೊರಭಾಗದ ಸಾಂದ್ರತೆ ಘನ ಮೀಟರಿಗೆ 600 ಕೆಜಿ ದಾಟಿದರೆ, ನಡುವಿನ ಭಾಗ 400 ಕೆಜಿಗಿಂತಲೂ ಕಡಿಮೆ. ಜೊತೆಗೆ ತಾಳೆ ಜಾತಿಯ ಮರಗಳ ನಾರಿನಲ್ಲಿ ಸಿಲಿಕಾ ಕಣಗಳಿರುತ್ತವೆ. ಸಿಲಿಕಾ ಅಂದರೆ ಮರಳಿನ ಮುಖ್ಯ ವಸ್ತು. ಉಕ್ಕಿನ ಹಲ್ಲನ್ನು ಮರಳಿನ ಮೇಲೆ ಉಜ್ಜಿದರೆ ಏನಾಗುತ್ತದೋ ಅದೇ ಇಲ್ಲೂ ನಿಧಾನವಾಗಿ ಆಗುತ್ತದೆ.

ಇದಕ್ಕಾಗಿಯೇ ಹಲ್ಲಿನ ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ಕೂರಿಸಿದ ಚೈನುಗಳೂ ಇವೆ. ಅವು ಹೆಚ್ಚು ಕಾಲ ಹರಿತ ಉಳಿಸಿಕೊಳ್ಳುತ್ತವೆ, ನಿಜ. ಆದರೆ ದುಬಾರಿ, ಮತ್ತು ಸಾಧಾರಣ ಅರದಿಂದ ಅವನ್ನು ಹರಿತ ಮಾಡಲಾಗದು, ವಜ್ರದ ಪುಡಿ ಲೇಪಿಸಿದ ಚಕ್ರ ಬೇಕು. ವರ್ಷಕ್ಕೆ ಐದಾರು ತೆಂಗಿನ ಮರ ಉರುಳಿಸುವವರಿಗೆ ಅದರ ಬದಲು ಎರಡು ಮೂರು ಸಾದಾ ಚೈನು ಇಟ್ಟುಕೊಂಡು ಮಧ್ಯಾಹ್ನ ಒಂದನ್ನು ಬದಲಿಸುವುದೇ ಲಾಭ ಎಂಬುದು ನನ್ನ ಲೆಕ್ಕ.

ಬದುವಿನ ಬಳ್ಳಾರಿ ಜಾಲಿ, ಕರಿಜಾಲಿ, ಹುಣಸೆಗಳ ಕಥೆ ಬೇರೆ. ಕಾಂಡ ಬಹಳ ದಪ್ಪವಿರುವುದಿಲ್ಲ, ಹುಣಸೆಯೊಂದನ್ನು ಬಿಟ್ಟು. ಆದರೆ ಕಟ್ಟಿಗೆ ಬಲು ಗಟ್ಟಿ. ಒಣಗಿದ ಬಳ್ಳಾರಿ ಜಾಲಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 800 ಕೆಜಿ. ಅದಕ್ಕೇ ಅದು ಒಲೆಯಲ್ಲಿ ಹೊತ್ತುಗಟ್ಟಲೆ ಕೆಂಡವಾಗಿ ಉಳಿಯುವುದು. ಈ ಕೆಲಸದಲ್ಲಿ ಚೈನು ಕೆಡುವುದು ಮರದಿಂದ ಮಾತ್ರವಲ್ಲ, ಬುಡಕ್ಕೆ ಮೆತ್ತಿದ ಮಣ್ಣಿನಿಂದ. ಒಂದು ಸಲ ಚೈನಿನ ತುದಿ ನೆಲ ಮುಟ್ಟಿದರೂ ಆ ದಿನದ ಹರಿತ ಮುಗಿಯಿತು ಎಂದೇ ಲೆಕ್ಕ.

ಬೇಲೂರಿನ ಕಾಫಿ ಸೀಮೆಯಲ್ಲಿ ಹೆಚ್ಚಿನ ಕೆಲಸ ಸಿಲ್ವರ್ ಓಕ್‌ನದು, ಮತ್ತೆ ಕಾಂಡಕೊರಕ ಹಿಡಿದು ಕಿತ್ತ ಅರೇಬಿಕಾ ಗಿಡಗಳದ್ದು. ಹಸಿ ಸಿಲ್ವರ್ ಓಕ್ ಚೈನಿಗೆ ಅಷ್ಟೇನೂ ತೊಂದರೆ ಕೊಡುವುದಿಲ್ಲ, ಆದರೆ ಉದ್ದ ಜಾಸ್ತಿ. ಬೀಳುವ ದಿಕ್ಕು ಸ್ವಲ್ಪ ತಪ್ಪಿದರೂ ಹತ್ತಾರು ಕಾಫಿ ಗಿಡಗಳ ಮೇಲೆ ಮಲಗುತ್ತದೆ. ಕಾಫಿ ಗಿಡದ ಕಾಂಡವಂತೂ ಮುಂಗೈ ದಪ್ಪ, ಅದಕ್ಕೆ ದೊಡ್ಡ ಯಂತ್ರವೇ ಬೇಡ. ಮರಗಸಿಯ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು: ನೆಲದ ಮೇಲೆ ಬಳಸಲೆಂದು ಮಾಡಿದ ಚೈನ್‌ಸಾ ಹಿಡಿದು ಮರ ಹತ್ತುವುದು ಬೇಡ. ಮರದ ಮೇಲೆ ಬಳಸಲು ಬೇರೆಯೇ ಚಿಕ್ಕ ಯಂತ್ರಗಳಿವೆ. ಅವು ಹಗ್ಗ, ಬೆಲ್ಟು ಕಟ್ಟಿಕೊಂಡು ಕೆಲಸ ಕಲಿತವರಿಗೆ ಮಾತ್ರ. ಮೇಲಿನ ರೆಂಬೆಗೆ ಕತ್ತಿ, ಕೆಳಗೆ ಬಿದ್ದ ರೆಂಬೆಗೆ ಚೈನ್‌ಸಾ, ಈ ಹಳೆಯ ಹಂಚಿಕೆಯೇ ವಾಸಿ.

ಒಣಗಿದ ಮೇಲೆ ಕೊಯ್ಯುವುದು ಸುಲಭ ಎಂಬ ಮಾತು ಸೌದೆ ವಿಷಯದಲ್ಲಿ ಆಗಾಗ ಕೇಳುತ್ತದೆ. ಕೊಡಲಿಯಿಂದ ಸೀಳುವಾಗ ಕೆಲವು ಮರಗಳಿಗೆ ಅದು ನಿಜ ಇರಬಹುದು. ಚೈನ್‌ಸಾಗೆ ಉಲ್ಟಾ. ಹಸಿ ಮರದಲ್ಲಿ ನೀರು ನಾರನ್ನು ಮೆದುವಾಗಿಡುತ್ತದೆ, ಹಲ್ಲು ಸಲೀಸಾಗಿ ಚಕ್ಕೆ ಎಬ್ಬಿಸುತ್ತದೆ. ಒಣ ಜಾಲಿಯಲ್ಲಿ ಅದೇ ಹಲ್ಲು ಬಿಸಿಯೇರಿ ಮೊಂಡಾಗುತ್ತದೆ. ಉರುಳಿಸಿದ ವಾರದಲ್ಲೇ ಮೊಳದುದ್ದ ತುಂಡು ಮಾಡಿ, ಸೀಳಿ, ಗಾಳಿಯಾಡುವಂತೆ ಒಟ್ಟಿದರೆ ಕೆಲಸವೂ ಹಗುರ, ಸೌದೆಯೂ ಬೇಗ ಒಣಗುತ್ತದೆ. ಒಲೆಗೂ ಇದೇ ಒಳ್ಳೆಯದು: ಮರದಲ್ಲಿರುವ ಪ್ರತಿ ಕೆಜಿ ನೀರನ್ನು ಆವಿ ಮಾಡಲು ಸುಮಾರು 2.6 ಮೆಗಾಜೂಲ್ ಶಾಖ ಖರ್ಚಾಗುತ್ತದೆ, ಹಂಡೆಯ ನೀರಿಗೆ ಹೋಗಬೇಕಾದದ್ದು ಹೊಗೆಯ ಪಾಲಾಗುತ್ತದೆ.

ಸಿಸಿ ಅಂದರೆ ಶಕ್ತಿಯಲ್ಲ

ಸಿಸಿ ಎಂದರೆ ಘನ ಸೆಂಟಿಮೀಟರ್, ಪಿಸ್ಟನ್ ಒಮ್ಮೆ ಮೇಲಿಂದ ಕೆಳಕ್ಕೆ ಚಲಿಸಿದಾಗ ಸಿಲಿಂಡರಿನಲ್ಲಿ ತೆರೆದುಕೊಳ್ಳುವ ಜಾಗ. ಅದು ಪಾತ್ರೆಯ ಅಳತೆ, ಅಡುಗೆಯ ರುಚಿಯಲ್ಲ. ಅದೇ ಗಾತ್ರದ ಎಂಜಿನ್ನಿನಿಂದ ಒಬ್ಬರು ಹೆಚ್ಚು ಶಕ್ತಿ ತೆಗೆಯಬಹುದು, ಇನ್ನೊಬ್ಬರು ಕಡಿಮೆ.

ಒಂದೇ ಕಂಪನಿಯ ಎರಡು ಮಾದರಿಗಳನ್ನು ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಸ್ಟಿಲ್ ಕಂಪನಿಯ ಎಂಎಸ್ 250 ಮಾದರಿ 45.4 ಸಿಸಿ, ಅದರ ಶಕ್ತಿ 2.3 ಕಿಲೋವ್ಯಾಟ್. ಅದೇ ಕಂಪನಿಯ, ವೃತ್ತಿಪರರಿಗೆಂದು ಮಾಡಿದ ಎಂಎಸ್ 261 ಮಾದರಿ 50.2 ಸಿಸಿ, ಶಕ್ತಿ 3 ಕಿಲೋವ್ಯಾಟ್. ಗಾತ್ರದಲ್ಲಿ ಶೇ. 10ರಷ್ಟು ಹೆಚ್ಚಳ, ಶಕ್ತಿಯಲ್ಲಿ ಶೇ. 30ರಷ್ಟು. (ಇವನ್ನೇ ಕೊಳ್ಳಿ ಎಂದು ಹೇಳುತ್ತಿಲ್ಲ, ಲೆಕ್ಕ ತೋರಿಸಲು ಹೆಸರು ಹೇಳಿದೆ.) ಹಾಗಾದರೆ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ‘ಎಷ್ಟು ಸಿಸಿ’ ಎಂದಲ್ಲ, ‘ಎಷ್ಟು ಕಿಲೋವ್ಯಾಟ್, ತೂಕ ಎಷ್ಟು’ ಎಂದು. ಒಂದು ಎಚ್‌ಪಿ ಅಂದರೆ 746 ವ್ಯಾಟ್.

ಮೇಲೆ ಅಂಟಿಸಿದ ಚೀಟಿಯ ಸಂಖ್ಯೆಯನ್ನೂ ಪೂರ್ತಿ ನಂಬಬೇಡಿ. ‘5800’ ಎಂದು ದೊಡ್ಡದಾಗಿ ಬರೆದಿರುವುದು ಕೆಲವೊಮ್ಮೆ ಮಾದರಿಯ ಹೆಸರಷ್ಟೇ. ಕೈಪಿಡಿಯ ಹಿಂದಿನ ಪುಟಗಳಲ್ಲಿ ಸಿಲಿಂಡರಿನ ವ್ಯಾಸ ಮತ್ತು ಪಿಸ್ಟನ್ ಚಲಿಸುವ ದೂರ ಕೊಟ್ಟಿದ್ದರೆ ನೀವೇ ಲೆಕ್ಕ ಹಾಕಬಹುದು: ವ್ಯಾಸದ ಅರ್ಧವನ್ನು ಅದರಿಂದಲೇ ಗುಣಿಸಿ, 3.14ರಿಂದ ಗುಣಿಸಿ, ಮತ್ತೆ ಚಲಿಸುವ ದೂರದಿಂದ ಗುಣಿಸಿ. ಎಲ್ಲ ಸೆಂಟಿಮೀಟರಿನಲ್ಲಿರಲಿ. ಕೈಪಿಡಿಯಲ್ಲಿ ಈ ಅಳತೆಗಳೂ ಇಲ್ಲ, ಕಿಲೋವ್ಯಾಟೂ ಇಲ್ಲ ಎಂದಾದರೆ ಆ ಯಂತ್ರದ ಬಗ್ಗೆ ಅಷ್ಟೇ ಸಾಕಷ್ಟು ಮಾಹಿತಿ.

ಮನೆಗೆ ಬೇಕಾದ ಸೌದೆ, ಬಿದ್ದ ರೆಂಬೆ, ಕಾಫಿ ಗಿಡ ಇಷ್ಟೇ ಆದರೆ 1.5 ಕಿಲೋವ್ಯಾಟ್ ಆಸುಪಾಸಿನ, 4 ಕೆಜಿಯ ಯಂತ್ರ ಸಾಕು. ತೆಂಗು, ಜಾಲಿ, ಸಿಲ್ವರ್ ಓಕ್ ಎಲ್ಲ ಸೇರಿದ ತೋಟದ ಕೆಲಸಕ್ಕೆ 2ರಿಂದ 2.5 ಕಿಲೋವ್ಯಾಟ್, ಅಂದರೆ ಸಾಮಾನ್ಯವಾಗಿ 40ರಿಂದ 50 ಸಿಸಿ ನಡುವಿನದು. ಅದರ ಮೇಲಿನದು ದಿನವಿಡೀ ಮರ ಕೊಯ್ಯುವವರಿಗೆ. ಹೇಳಿದ ತೂಕ ಬಾರ್, ಚೈನು, ಎಣ್ಣೆ ಇಲ್ಲದೆ. ಎಲ್ಲ ಸೇರಿದಾಗ ಇನ್ನೂ ಒಂದು, ಒಂದೂವರೆ ಕೆಜಿ ಏರುತ್ತದೆ, ಸಂಜೆ ನಾಲ್ಕರ ಹೊತ್ತಿಗೆ ಅದು ಹತ್ತು ಕೆಜಿಯಂತೆ ಅನಿಸುತ್ತದೆ. ಅಪಘಾತಗಳು ದಣಿದ ಕೈಯಲ್ಲೇ ಹೆಚ್ಚು.

ಬಾರ್ ಉದ್ದದ ಮೋಹ

22 ಇಂಚಿನ ಬಾರ್ ನೋಡಲು ಗತ್ತಾಗಿರುತ್ತದೆ. ಆದರೆ ಬಾರ್ ಉದ್ದವಾದಷ್ಟೂ ಚೈನನ್ನು ಎಳೆಯಲು ಎಂಜಿನ್ ಹೆಚ್ಚು ಶಕ್ತಿ ಕಳೆದುಕೊಳ್ಳುತ್ತದೆ, ಹರಿತ ಮಾಡಬೇಕಾದ ಹಲ್ಲುಗಳೂ ಹೆಚ್ಚು, ತುದಿ ಎಲ್ಲಿದೆ ಎಂಬ ಅಂದಾಜು ತಪ್ಪುವುದೂ ಹೆಚ್ಚು. ದಿನನಿತ್ಯ ಕೊಯ್ಯುವ ಮರದ ದಪ್ಪಕ್ಕಿಂತ ಎರಡು ಮೂರು ಇಂಚು ಉದ್ದವಿದ್ದರೆ ಸಾಕು. ತೋಟಕ್ಕೆ 16 ಅಥವಾ 18 ಇಂಚು. ಅಪರೂಪಕ್ಕೆ ಎದುರಾಗುವ ದಪ್ಪ ದಿಮ್ಮಿಯನ್ನು ಎರಡೂ ಬದಿಯಿಂದ ಕೊಯ್ಯಬಹುದು. ಮನೆ ಮುಂದಿನ ಮುಪ್ಪಾದ ಹುಣಸೆ ಮರವನ್ನೇ ಉರುಳಿಸಬೇಕೆಂದರೆ ಅದಕ್ಕೆ ಯಂತ್ರ ಕೊಳ್ಳಬೇಡಿ, ಯಂತ್ರವೂ ಅನುಭವವೂ ಇರುವವರನ್ನು ಕರೆಸಿ.

ಕೊಯ್ಯುವುದು ಎಂಜಿನ್ನಲ್ಲ, ಚೈನು

ಚೈನ್‌ಸಾವನ್ನು ಹೆರಿಗೆ ಮಾಡಿಸಲೆಂದು ಕಂಡುಹಿಡಿದರು ಎಂಬ ಸಂದೇಶ ಮೊಬೈಲಿನಲ್ಲಿ ಆಗಾಗ ಹರಿದಾಡುತ್ತದೆ. ಅರ್ಧ ನಿಜ. 1780ರ ದಶಕದಲ್ಲಿ ಸ್ಕಾಟ್ಲೆಂಡಿನ ವೈದ್ಯರಾದ ಜಾನ್ ಐಟ್ಕನ್ ಮತ್ತು ಜೇಮ್ಸ್ ಜೆಫ್ರಿ ಮೂಳೆ ಕೊಯ್ಯಲು ಹಲ್ಲುಳ್ಳ ಸಣ್ಣ ಸರಪಳಿ ಬಳಸಿದ್ದು ಹೌದು, ಕಷ್ಟದ ಹೆರಿಗೆಯಲ್ಲೂ ಅದರ ಬಳಕೆ ಇತ್ತು. ಆದರೆ ಅದು ಎರಡು ಕೈಯಲ್ಲಿ ಹಿಡಿದು ಎಳೆಯುವ ಸರಪಳಿ, ಎಂಜಿನ್ನಿನ ಯಂತ್ರವಲ್ಲ. ಮರ ಕೊಯ್ಯುವ ಯಂತ್ರದ ದಾರಿ ಬೇರೆ: ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ ಚೈನ್‌ಸಾ, 1929ರಲ್ಲಿ ಪೆಟ್ರೋಲ್ ಚೈನ್‌ಸಾ ತಂದರು.

ಇಂದಿನ ಚೈನಿನ ಆಕಾರಕ್ಕೆ ಮಾತ್ರ ಒಂದು ಹುಳುವಿಗೆ ಧನ್ಯವಾದ ಹೇಳಬೇಕು. 1946ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಜೋಸೆಫ್ ಕಾಕ್ಸ್ ಎಂಬ ಮರಗೆಲಸಗಾರ, ಮರ ಕೊರೆಯುವ ಜೀರುಂಡೆಯ ಮರಿಹುಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ದವಡೆಯಾಡಿಸಿ ನಾರಿನ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಕೊರೆಯುವುದನ್ನು ಗಮನಿಸಿದರು. ಮರುವರ್ಷ ಅದೇ ಮಾದರಿಯ, ಎಡಬಲಕ್ಕೆ ಸರದಿಯಂತೆ ಹಲ್ಲುಳ್ಳ ಚೈನು ಮಾರುಕಟ್ಟೆಗೆ ಬಂತು. ಈಗಲೂ ನಾವು ಬಳಸುವುದು ಅದರ ಮೊಮ್ಮಕ್ಕಳನ್ನೇ.

ಆ ಹಲ್ಲು ಸರಿಯಿದ್ದರೆ ಯಂತ್ರವನ್ನು ಒತ್ತಬೇಕಾಗಿಲ್ಲ, ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಬೀಳುವ ಪುಡಿಯನ್ನು ಅಂಗೈಯಲ್ಲಿ ಹಿಡಿದು ನೋಡಿ: ಅವಲಕ್ಕಿಯಂಥ ಚಕ್ಕೆಗಳಿದ್ದರೆ ಹರಿತವಿದೆ, ರಾಗಿ ಹಿಟ್ಟಿನಂತೆ ನುಣ್ಣಗಿದ್ದರೆ ಮೊಂಡಾಗಿದೆ. ಮೊಂಡಾದ ಮೇಲೂ ಒತ್ತಿ ಕೊಯ್ದರೆ ಎಂಜಿನ್ ಬಿಸಿಯಾಗುತ್ತದೆ, ಕ್ಲಚ್ ಸುಡುತ್ತದೆ, ಬಾರ್ ಸವೆಯುತ್ತದೆ. ಕೊನೆಗೆ ‘ಈ ಕಂಪನಿ ಮೆಷಿನ್ ಸರಿಯಿಲ್ಲ’ ಎಂಬ ತೀರ್ಪು.

ಚೈನು ಕೊಳ್ಳುವಾಗ ಮೂರು ವಿಷಯ ತಾಳೆಯಾಗಬೇಕು: ಪಿಚ್, ಬಾರಿನ ಗಾಡಿಯ ಅಗಲ, ಬಾರಿನ ಗಾಡಿಯಲ್ಲಿ ಕೂರುವ ಕೊಂಡಿಗಳ ಎಣಿಕೆ. ಪಿಚ್ ಅಂದರೆ ಪಕ್ಕಪಕ್ಕದ ಮೂರು ರಿವೆಟ್ಟುಗಳ ನಡುವಿನ ದೂರದ ಅರ್ಧ. ಬಾರಿನ ಬುಡದಲ್ಲಿ ಇವು ಅಚ್ಚಾಗಿರುತ್ತವೆ, ಒಂದು ಫೋಟೋ ತೆಗೆದು ಮೊಬೈಲಿನಲ್ಲಿಟ್ಟುಕೊಳ್ಳಿ. 18 ಇಂಚಿನ, 0.325 ಪಿಚ್ಚಿನ ಬಾರಿಗೆ ಸಾಮಾನ್ಯವಾಗಿ 72 ಕೊಂಡಿ, 36 ಹಲ್ಲು. ಇದಕ್ಕೆ 4.8 ಮಿಮೀ ದುಂಡನೆಯ ಅರ ಬೇಕು. ಚಿಕ್ಕ ಯಂತ್ರಗಳ 3/8 ಲೋ ಪ್ರೊಫೈಲ್ ಚೈನಿಗೆ 4 ಮಿಮೀ. ತಪ್ಪು ಅಳತೆಯ ಅರ ಹಾಕಿದರೆ ಹಲ್ಲಿನ ಕೊಕ್ಕೆಯ ಆಕಾರವೇ ಕೆಡುತ್ತದೆ. ಪ್ರತಿ ಹಲ್ಲಿಗೆ ಎರಡು ಮೂರು ಎಳೆತ, ಎಲ್ಲಕ್ಕೂ ಒಂದೇ ಲೆಕ್ಕ, ಒಂದೇ ಕೋನ. ಮೊದಲ ದಿನ ಅರ್ಧ ಗಂಟೆ ಹಿಡಿಯುತ್ತದೆ, ಅಭ್ಯಾಸವಾದ ಮೇಲೆ ಒಂದು ಲೋಟ ಕಾಫಿಯ ಹೊತ್ತು.

ಹಲ್ಲುಗಳಲ್ಲೂ ಎರಡು ಬಗೆ. ಚೂಪು ಮೂಲೆಯದು ಹಸಿ, ಶುದ್ಧ ಮರದಲ್ಲಿ ವೇಗವಾಗಿ ಕೊಯ್ಯುತ್ತದೆ. ದುಂಡು ಮೂಲೆಯದು, ಅಂಗಡಿಯಲ್ಲಿ ಸೆಮಿ ಚಿಸೆಲ್ ಎನ್ನುತ್ತಾರೆ, ಸ್ವಲ್ಪ ನಿಧಾನ, ಆದರೆ ಮಣ್ಣು, ಒಣ ಮರ, ಗಟ್ಟಿ ಮರಗಳನ್ನು ತಾಳಿಕೊಳ್ಳುತ್ತದೆ. ಅರಸೀಕೆರೆ, ಹಳೇಬೀಡಿನ ಧೂಳಿಗೂ ಜಾಲಿಗೂ ಯೋಚಿಸದೆ ಇದನ್ನೇ ಕೇಳಿ.

ಪೆಟ್ರೋಲು: ಈಗಿನ ದೊಡ್ಡ ತಲೆನೋವು

ಚೈನ್‌ಸಾದ ಎಂಜಿನ್ ಟೂ ಸ್ಟ್ರೋಕ್. ಅದರಲ್ಲಿ ಬೇರೆ ಎಂಜಿನ್ ಆಯಿಲ್ ಇರುವುದಿಲ್ಲ, ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಪಿಸ್ಟನ್ನನ್ನು ಕಾಪಾಡಬೇಕು. ಕೈಪಿಡಿ 50:1 ಎಂದರೆ ಲೀಟರ್ ಪೆಟ್ರೋಲಿಗೆ 20 ಮಿಲೀ ಎಣ್ಣೆ, 25:1 ಎಂದರೆ 40 ಮಿಲೀ. ಇದು ಎಣ್ಣೆಯ ಗುಣಮಟ್ಟದ ಮೇಲೂ ಹೋಗುತ್ತದೆ. ಡಬ್ಬಿಯ ಮೇಲೆ ಜಾಸೋ ಎಫ್‌ಡಿ ಎಂದಿದ್ದರೆ ಅದು ಹೊಗೆ, ಮಸಿ ಕಡಿಮೆ ಮಾಡುವ ಮೇಲ್ದರ್ಜೆಯದು. ಬೈಕಿನ ಫೋರ್ ಸ್ಟ್ರೋಕ್ ಆಯಿಲ್ ಖಂಡಿತ ಬೇಡ, ಅದು ಉರಿದು ಹೋಗಲೆಂದು ಮಾಡಿದ್ದಲ್ಲ.

‘ಒಂದಿಷ್ಟು ಎಣ್ಣೆ ಜಾಸ್ತಿ ಇದ್ದರೆ ಒಳ್ಳೇದೇ ಅಲ್ವಾ?’ ಅಲ್ಲ. ಹೆಚ್ಚಾದ ಎಣ್ಣೆ ಪೂರ್ತಿ ಉರಿಯದೆ ಪ್ಲಗ್ಗಿನ ಮೇಲೆ, ಹೊಗೆ ಹೋಗುವ ಕಂಡಿಯಲ್ಲಿ ಮಸಿಯಾಗಿ ಕೂರುತ್ತದೆ. ಕಡಿಮೆಯಾದರಂತೂ ಪಿಸ್ಟನ್ ಗೀರಿ ಸೀಜ್ ಆಗುತ್ತದೆ. ಔಷಧ ಅಂಗಡಿಯ ಸಿರಿಂಜಿನಲ್ಲಿ ಅಳೆದು, ಬೇರೆ ಕ್ಯಾನಿನಲ್ಲಿ ಬೆರೆಸಿ, ಕುಲುಕಿ ಹಾಕಿ. ಕ್ಯಾನಿನ ಮೇಲೆ ದಿನಾಂಕ ಬರೆದಿರಲಿ.

ದಿನಾಂಕ ಏಕೆಂದರೆ, ಈಗ ಬಂಕುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ತೇವ ಒಂದು ಮಿತಿ ಮೀರಿದರೆ ನೀರೂ ಎಥನಾಲೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಟ್ಯಾಂಕಿನ ಪೈಪು ಇಂಧನ ಹೀರುವುದು ತಳದಿಂದಲೇ! ಆಗ ಎಂಜಿನ್ನಿಗೆ ಹೋಗುವುದು ಎಣ್ಣೆಯೂ ಸರಿಯಾಗಿಲ್ಲದ ನೀರು ಬೆರೆತ ದ್ರವ. ಎಥನಾಲ್ ಹಳೆಯ ರಬ್ಬರ್ ಪೈಪನ್ನೂ ಕಾರ್ಬೊರೇಟರಿನ ತೆಳು ಪೊರೆಯನ್ನೂ ಸೆಟೆಯುವಂತೆ ಅಥವಾ ಊದಿಕೊಳ್ಳುವಂತೆ ಮಾಡುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಎಥನಾಲಿನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ, ಹಳೆಯ ಹೊಂದಾಣಿಕೆಯಲ್ಲೇ ಓಡಿಸಿದರೆ ಗಾಳಿಗೆ ಹೋಲಿಸಿದಾಗ ಇಂಧನ ಕಡಿಮೆಯಾಗಿ ಎಂಜಿನ್ ಹೆಚ್ಚು ಬಿಸಿಯಾಗುತ್ತದೆ.

ಅನೇಕ ಯಂತ್ರಗಳ ಕೈಪಿಡಿಯಲ್ಲಿ ಎಥನಾಲ್ ಮಿತಿ ಶೇ. 10 ಎಂದಿರುತ್ತದೆ. ಆದ್ದರಿಂದ ಕೊಳ್ಳುವಾಗಲೇ ಕೇಳಿ: ‘ಈಗಿನ ಬಂಕಿನ ಪೆಟ್ರೋಲ್ ಇದಕ್ಕೆ ಆಗುತ್ತಾ? ಕಾರ್ಬೊರೇಟರ್ ಅದಕ್ಕೆ ಹೊಂದಿಸಿ ಕೊಡ್ತೀರಾ?’ ಉತ್ತರ ಬಿಲ್ಲಿನ ಮೇಲೆ ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ಒಂದು ತಿಂಗಳಿಗೆ ಬೇಕಾದಷ್ಟೇ ಬೆರೆಸಿ. ಮಳೆಗಾಲಕ್ಕೆ ಯಂತ್ರ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ತಾನೇ ಆರುವವರೆಗೆ ಓಡಿಸಿ. ಬೇಲೂರು ಕಡೆಯ ಜೂನ್, ಜುಲೈ ಗಾಳಿಯ ತೇವಕ್ಕೆ ಇದು ಅರಸೀಕೆರೆಗಿಂತ ಎರಡು ಪಟ್ಟು ಮುಖ್ಯ. ಅರಸೀಕೆರೆಯವರು ಅದರ ಬದಲು ಏರ್ ಫಿಲ್ಟರ್ ಮೇಲೆ ಕಣ್ಣಿಡಲಿ, ಅಲ್ಲಿನ ಶತ್ರು ಧೂಳು.

ಚೈನಿಗೆ ಹಾಕುವ ಎಣ್ಣೆ ಬೇರೆ. ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವ ಹೊತ್ತಿಗೆ ಆ ಎಣ್ಣೆಯ ಟ್ಯಾಂಕೂ ಹೆಚ್ಚುಕಡಿಮೆ ಖಾಲಿಯಾಗಬೇಕು, ಆಗದಿದ್ದರೆ ಕಂಡಿ ಕಟ್ಟಿದೆ ಎಂದರ್ಥ. ಟ್ರ್ಯಾಕ್ಟರಿನಿಂದ ತೆಗೆದ ಕಪ್ಪು ಎಣ್ಣೆ ಸುರಿಯುವ ಅಭ್ಯಾಸ ಎಲ್ಲ ಕಡೆ ಇದೆ. ಅದರಲ್ಲಿ ಲೋಹದ ಸಣ್ಣ ಪುಡಿ ಇರುತ್ತದೆ, ಪಂಪು ಸವೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಂಜಿನ್ನಿನಲ್ಲಿ ಸುಟ್ಟ ಎಣ್ಣೆಯಲ್ಲಿ ಕ್ಯಾನ್ಸರ್‌ಕಾರಕ ಹೈಡ್ರೋಕಾರ್ಬನ್‌ಗಳಿವೆ. ಚೈನು ಆ ಎಣ್ಣೆಯನ್ನು ನಿಮ್ಮ ಕೈಗೆ, ಮುಖಕ್ಕೆ, ಕೊನೆಗೆ ತೋಟದ ಮಣ್ಣಿಗೆ ಎರಚುತ್ತದೆ.

ಕರೆಂಟಿನದು, ಬ್ಯಾಟರಿಯದು ಆಗುತ್ತದೆಯೇ?

ಮನೆ ಹಿಂದಿನ ಸೌದೆಗೆ ಮಾತ್ರವಾದರೆ ವಿದ್ಯುತ್ ಚೈನ್‌ಸಾ ಒಳ್ಳೆಯ ಆಯ್ಕೆ. ಪೆಟ್ರೋಲಿನ ರಗಳೆಯಿಲ್ಲ, ಸದ್ದು ಕಡಿಮೆ, ಬೆಲೆಯೂ ಕಡಿಮೆ. 2 ಕಿಲೋವ್ಯಾಟಿನದು ಸುಮಾರು 9 ಆಂಪಿಯರ್ ಎಳೆಯುತ್ತದೆ. ತೆಳು ವೈರಿನಲ್ಲಿ ನೂರು ಮೀಟರ್ ಎಳೆದುಕೊಂಡು ಹೋದರೆ ವೋಲ್ಟೇಜ್ ಬಿದ್ದು ಮೋಟಾರ್ ಸುಡುತ್ತದೆ. ಮಳೆಯಲ್ಲಿ, ಒದ್ದೆ ನೆಲದಲ್ಲಿ ಮುಟ್ಟಲೇಬೇಡಿ. ಬ್ಯಾಟರಿಯದು ರೆಂಬೆ, ಕಾಫಿ ಗಿಡಕ್ಕೆ ಚೆನ್ನಾಗಿದೆ, ಆದರೆ ಒಣ ಜಾಲಿಗೆ ಬ್ಯಾಟರಿ ಬೇಗ ಮುಗಿಯುತ್ತದೆ. ಸದ್ದಿಲ್ಲ ಎಂದ ಮಾತ್ರಕ್ಕೆ ಅಪಾಯ ಕಡಿಮೆಯಲ್ಲ, ಚೈನು ಅದೇ ಚೈನು.

ಸೆಕೆಂಡಿಗೆ 19 ಮೀಟರ್

7 ಹಲ್ಲಿನ ಚಕ್ರ, 0.325 ಪಿಚ್ ಚೈನು ಇರುವ ಎಂಜಿನ್ ನಿಮಿಷಕ್ಕೆ 10,000 ಸುತ್ತು ತಿರುಗಿದರೆ ಚೈನು ಸೆಕೆಂಡಿಗೆ ಸುಮಾರು 19 ಮೀಟರ್ ಓಡುತ್ತದೆ, ಗಂಟೆಗೆ 69 ಕಿಮೀ ಲೆಕ್ಕ. ಬಾರಿನ ತುದಿಯ ಮೇಲಿನ ಅರ್ಧಭಾಗ ಏನಾದರೂ ಗಟ್ಟಿ ವಸ್ತುವಿಗೆ ತಗುಲಿದರೆ ಹಲ್ಲು ಸಿಕ್ಕಿಕೊಂಡು, ಆ ವೇಗವೆಲ್ಲ ಬಾರನ್ನು ಮೇಲಕ್ಕೂ ಹಿಂದಕ್ಕೂ ಒದೆಯುತ್ತದೆ. ಇದನ್ನೇ ಕಿಕ್‌ಬ್ಯಾಕ್ ಎನ್ನುವುದು. ಕಣ್ಣು ಮಿಟುಕಿಸುವ ಮೊದಲೇ ಬಾರ್ ಮುಖದ, ಕುತ್ತಿಗೆಯ ಎತ್ತರಕ್ಕೆ ಬಂದಿರುತ್ತದೆ. ‘ನನ್ನ ಕೈ ಗಟ್ಟಿ, ತಡೀತೀನಿ’ ಎನ್ನುವುದು ಸುಳ್ಳು ಧೈರ್ಯ, ನರಗಳ ಸಂದೇಶಕ್ಕೆ ಅಷ್ಟು ವೇಗವಿಲ್ಲ.

ಆದ್ದರಿಂದ ಮುಂದಿನ ಹಿಡಿಯ ಎದುರಿಗಿರುವ ಚೈನ್ ಬ್ರೇಕ್ ಇಲ್ಲದ, ಅಥವಾ ಇದ್ದೂ ಕೆಲಸ ಮಾಡದ ಯಂತ್ರ ಎಷ್ಟು ಅಗ್ಗವಾದರೂ ಬೇಡ. ಒಳ್ಳೆಯ ಬ್ರೇಕು ಕೈ ತಗುಲದಿದ್ದರೂ ಒದೆತದ ಜಾಡಿಗೇ ಬೀಳುತ್ತದೆ. ಎಡಗೈ ಹೆಬ್ಬೆರಳು ಮುಂದಿನ ಹಿಡಿಯನ್ನು ಸುತ್ತಿರಲಿ, ಭುಜಕ್ಕಿಂತ ಮೇಲೆ ಕೊಯ್ಯುವುದು ಬೇಡ, ಏಣಿ ಮೇಲೆ ಬೇಡ, ಒಂದು ಕೈಯಲ್ಲಿ ಬೇಡ. ಲುಂಗಿ, ಪಂಚೆ, ಹೆಗಲ ಮೇಲಿನ ಟವೆಲ್ ಕಳಚಿಟ್ಟು ಬನ್ನಿ. ಬೂಟು, ಹೆಲ್ಮೆಟ್ಟು, ಕಣ್ಣಿಗೆ ಜಾಲರಿ, ಕಿವಿಗೆ ಮುಚ್ಚಳ ಇವುಗಳ ಬೆಲೆಯನ್ನು ಯಂತ್ರದ ಬೆಲೆಯೊಳಗೇ ಸೇರಿಸಿ ಬಜೆಟ್ ಹಾಕಿ. 100 ಡೆಸಿಬಲ್ ದಾಟುವ ಸದ್ದಿಗೆ ಹೋದ ಕಿವಿ ಮರಳಿ ಬರುವುದಿಲ್ಲ.

ಕೆಂಪು ಮೂತಿ ಹುಳು ತಿಂದ ತೆಂಗಿನ ಮರದ ಬಗ್ಗೆ ಹೆಚ್ಚು ಎಚ್ಚರ ಬೇಕು. ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಪೊಳ್ಳಾಗಿ, ಕೊಯ್ಯುತ್ತಿರುವಾಗಲೇ ಅರ್ಧಕ್ಕೆ ಮುರಿದು ಬೀಳಬಹುದು. ಕೊಡಲಿ ಹಿಂಬದಿಯಿಂದ ಬಡಿದು ಸದ್ದು ಕೇಳಿ. ಮರದ ಎತ್ತರದ ಎರಡರಷ್ಟು ದೂರದೊಳಗೆ ಯಾರೂ ಇರಬಾರದು. ಹತ್ತಿರ ವಿದ್ಯುತ್ ತಂತಿ ಇದ್ದರೆ ಲೈನ್‌ಮ್ಯಾನ್ ಬಂದು ಲೈನ್ ಆಫ್ ಮಾಡುವವರೆಗೆ ಕೆಲಸ ಶುರುವಿಲ್ಲ.

ದಿನವೂ ಬಳಸುವವರು ಕೈಪಿಡಿಯಲ್ಲಿ ಕಂಪನದ ಸಂಖ್ಯೆಯನ್ನೂ ನೋಡಲಿ. ವರ್ಷಗಟ್ಟಲೆ ಕಂಪನ ತಾಳಿದ ಬೆರಳುಗಳಿಗೆ ರಕ್ತ ಹರಿಯುವುದು ಕುಂದಿ, ಚಳಿಗೆ ಬೆಳ್ಳಗಾಗಿ ಜೋಮು ಹಿಡಿಯುವ ಕಾಯಿಲೆಯಿದೆ. ಯುರೋಪಿನ ನಿಯಮದಂತೆ ಎಂಟು ಗಂಟೆಯ ಸರಾಸರಿ 2.5 ಮೀ/ಸೆ² ದಾಟಿದರೆ ಕ್ರಮ ಕೈಗೊಳ್ಳಬೇಕು, 5 ದಾಟಲೇಬಾರದು. ಹಿಡಿ ಮತ್ತು ಎಂಜಿನ್ ನಡುವೆ ಸ್ಪ್ರಿಂಗ್ ಅಥವಾ ರಬ್ಬರ್ ಇದೆಯೇ ಎಂದು ಅಲುಗಿಸಿ ನೋಡಿದರೆ ಗೊತ್ತಾಗುತ್ತದೆ.

ಮರ ನನ್ನದು, ಅನುಮತಿ ಯಾಕೆ?

ನಮ್ಮ ಜಮೀನಿನ ಮರವಾದರೂ ಎಲ್ಲವನ್ನೂ ಕಡಿಯುವಂತಿಲ್ಲ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಬಳ್ಳಾರಿ ಜಾಲಿ, ಸುಬಾಬುಲ್‌ನಂಥ ಕೆಲವಕ್ಕೆ ವಿನಾಯಿತಿಯಿದೆ. ಬೀಟೆ, ತೇಗ, ಹೊನ್ನೆ, ಶ್ರೀಗಂಧ ಅಂಥವಲ್ಲ. ಗಾಳಿಗೆ ಬಿದ್ದ ಬೀಟೆ ಮರವನ್ನು ತುಂಡು ಮಾಡುವ ಮೊದಲೂ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಕೇಳಿ ಬರುವುದು ಕ್ಷೇಮ.

ಅಂಗಡಿಯಲ್ಲಿ

ಇಷ್ಟು ತಿಳಿದ ಮೇಲೆ ಕಂಪನಿಯ ಹೆಸರಿಗಿಂತ ದೊಡ್ಡ ಪ್ರಶ್ನೆ ಒಂದಿದೆ: ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ, ಎಷ್ಟು ದೂರದಲ್ಲಿ? ಅರಸೀಕೆರೆಯಿಂದಲೂ ಬೇಲೂರಿನಿಂದಲೂ ಹಾಸನ 40 ಕಿಲೋಮೀಟರ್ ಆಸುಪಾಸು. ಸಣ್ಣ ರಿಪೇರಿಗೆಲ್ಲ ಅಲ್ಲಿಗೆ ಓಡಾಡಿದರೆ ಉಳಿಸಿದ ಹಣ ಬಸ್ಸಿಗೇ ಹೋಗುತ್ತದೆ. ಕೊಳ್ಳುವ ಮೊದಲು ನಾಲ್ಕು ಬಿಡಿಭಾಗ ಹೆಸರಿಟ್ಟು ಕೇಳಿ: ಏರ್ ಫಿಲ್ಟರ್, ಕಾರ್ಬೊರೇಟರ್ ಪೊರೆಯ ಕಿಟ್, ಹಗ್ಗ ಎಳೆಯುವ ಸ್ಟಾರ್ಟರಿನ ಸ್ಪ್ರಿಂಗು, ಕ್ಲಚ್ ಡ್ರಮ್. ‘ತರಿಸಿ ಕೊಡ್ತೀವಿ’ ಅಂದರೆ ಒಂದರ್ಥ, ಕಪಾಟಿನಿಂದ ತೆಗೆದು ತೋರಿಸಿದರೆ ಇನ್ನೊಂದರ್ಥ. ಆನ್‌ಲೈನಿನಲ್ಲಿ ಸಾವಿರ ರೂಪಾಯಿ ಅಗ್ಗವಾಗಿ ಸಿಗುವ ಯಂತ್ರವನ್ನು ಪಕ್ಕದ ಮೆಕ್ಯಾನಿಕ್ ಬಿಚ್ಚಲು ಒಪ್ಪುತ್ತಾರೆಯೇ ಎಂದೂ ಮೊದಲೇ ವಿಚಾರಿಸಿ.

ಸಹಾಯಧನದ ಪಟ್ಟಿಯಲ್ಲಿ ಈ ವರ್ಷ ಯಾವ ಯಂತ್ರಗಳಿವೆ ಎಂದು ರೈತ ಸಂಪರ್ಕ ಕೇಂದ್ರದಲ್ಲಿ, ಕಾಫಿ ಬೆಳೆಗಾರರಾದರೆ ಕಾಫಿ ಮಂಡಳಿಯ ಕಚೇರಿಯಲ್ಲಿ ಕೊಳ್ಳುವ ಮುನ್ನವೇ ಕೇಳಿ.

ಹಳೆಯ ಯಂತ್ರ ಕೊಳ್ಳುವುದಾದರೆ ಮಾರುವವರಿಗೆ ಮೊದಲೇ ಹೇಳಿ, ‘ನಾನು ಬರೋ ತನಕ ಸ್ಟಾರ್ಟ್ ಮಾಡಬೇಡಿ’ ಎಂದು. ಬಿಸಿಯಾದ ಎಂಜಿನ್ ಯಾವುದಾದರೂ ಒಂದೆಳೆತಕ್ಕೆ ಹೊತ್ತಿಕೊಳ್ಳುತ್ತದೆ, ತಣ್ಣಗಿದ್ದದ್ದು ಐದಾರು ಎಳೆತದೊಳಗೆ ಹೊತ್ತಿದರೆ ಅದು ಲಕ್ಷಣ. ಸೈಲೆನ್ಸರಿನ ಎರಡು ಸ್ಕ್ರೂ ಬಿಚ್ಚಿಸಿ ಟಾರ್ಚು ಹಾಕಿ ಕಂಡಿಯೊಳಗೆ ಪಿಸ್ಟನ್ ನೋಡಿ, ಉದ್ದುದ್ದ ಗೀರುಗಳಿದ್ದರೆ ಎದ್ದು ಬನ್ನಿ. ಎಂಜಿನ್ ನಿಧಾನವಾಗಿ ಓಡುವಾಗ ಚೈನು ತಿರುಗಬಾರದು. ರೇಸ್ ಮಾಡಿ ಬ್ರೇಕ್ ಒತ್ತಿದರೆ ತಕ್ಷಣ ನಿಲ್ಲಬೇಕು. ಆಮೇಲೆ ಒಂದು ಬಿಳಿ ಹಾಳೆಯ ಕಡೆಗೆ ಬಾರಿನ ತುದಿ ತೋರಿಸಿ ರೇಸ್ ಮಾಡಿ: ಹಾಳೆಯ ಮೇಲೆ ಎಣ್ಣೆಯ ಸಣ್ಣ ಗೆರೆ ಮೂಡಿದರೆ ಪಂಪು ಕೆಲಸ ಮಾಡುತ್ತಿದೆ, ಬೆಲೆ ಮಾತಾಡಲು ಕೂರಬಹುದು.